ಏಳನೇ ನಂಬರಿನ ಕೋಳಿ

ಬಾದಾಮಿ
೧೨ ಜೂನ್ ೨೦೨೪

ಖಾರಾ ಪಾಕೀಟಿನ ಕಾರ್ಡಿಗೆ ಚಿತ್ರ ಬರೆಯುವವರಿಗೆ,

ಜಯಾ, ಯಾರಿಗೋ ಬರೆದಂತೆ ಶುರು ಮಾಡಿದ್ದೇನೆ. ಆದರೆ ಅದು ನೀನೇ ಎಂದು ನನಗೆ ಗೊತ್ತು. ಕೋಳಿಯ ಕಾಲ ಬಳಿ ಸಣ್ಣದೊಂದು ‘ಜ’ ಬರೆದು ಅದರ ಬಾಲವನ್ನು ಸುರುಳಿ ಸುತ್ತಿದ್ದೀ. ಹುನಗುಂದದ ಹೈಸ್ಕೂಲಿನಲ್ಲಿ ನನ್ನ ಪ್ರತಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲೂ ಆ ಸುರುಳಿ ಇರುತ್ತಿತ್ತು. ನಿನ್ನ ಫೋನ್ ನಂಬರು ನನ್ನಲ್ಲಿಲ್ಲ. ಪಾಕೀಟಿನ ಹಿಂದೆ ಅಚ್ಚಾದ ಇಳಕಲ್ಲಿನ ಕಾರ್ಖಾನೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ.

ನಾನೀಗ ಮಹಾಕೂಟದ ದಾರಿಯಲ್ಲಿರುವ ಒಂದು ಶಾಲೆಯಲ್ಲಿ ಆಟದ ಟೀಚರ್. ಈ ಸಲ ಶಾಲೆ ಶುರುವಾದಾಗಿನಿಂದ ನಾನು ಮೈದಾನಕ್ಕೆ ಬಂದರೆ ಮಕ್ಕಳು ಏನನ್ನೋ ಚೀಲದೊಳಗೆ ತುರುಕುತ್ತಿದ್ದರು. ಮೊನ್ನೆ ಒಂಬತ್ತನೇ ಇಯತ್ತೆಯ ಸತ್ಯವ್ವನ ಕಂಪಾಸ್ ಡಬ್ಬಿ ಕೆಳಗೆ ಬಿದ್ದು ಬಾಯಿಬಿಟ್ಟಿತು. ಒಳಗೆ ಖಾರಾ ಪಾಕೀಟಿನಲ್ಲಿ ಬರುವ ನಿನ್ನ ಕಬಡ್ಡಿ ಕಾರ್ಡುಗಳು. ಟಗರು, ಮೊಸಳೆ, ಮುಂಗುಸಿ, ಎಲ್ಲವೂ ಚೆಡ್ಡಿ ಬನಿಯನ್ ಹಾಕಿ ತೊಡೆ ತಟ್ಟುತ್ತಿದ್ದವು. ಜೊತೆಗೆ ಒಂದು ಕೋಳಿ. ಏಳನೇ ನಂಬರಿನ ಜರ್ಸಿ, ಎಡಗಾಲ ಮೊಣಕಾಲಿಗೆ ಕರಿ ಪಟ್ಟಿ, ಕೋಳಿಗೆ ಎರಡು ಜಡೆ. ‘ಅಂಜುಬುರುಕಿ ಕೋಳೆವ್ವ. ಓಟ ೧೦೦. ಪಟ್ಟು ೪೦. ಧೈರ್ಯ ೦. ಗೆಲ್ಲುವ ಹೊತ್ತಿಗೆ ಮೈದಾನ ಬಿಟ್ಟು ಓಡುತ್ತಾಳೆ.’

ನಮ್ಮ ಹೆಡ್ ಮಾಸ್ತರರು ನಾವಿಬ್ಬರೂ ಆಡಿದ ಆ ವರ್ಷದ ಬಾಗಲಕೋಟೆ ಫೈನಲ್ಲನ್ನು ನೋಡಿದವರು. ಕಾರ್ಡು ನೋಡಿದವರೇ ಸ್ಟಾಫ್ ರೂಮಿನಲ್ಲಿ ಇದು ನಾನೇ ಎಂದು ಹೇಳಿ ನಕ್ಕರಂತೆ. ಅದು ಮಕ್ಕಳ ಕಿವಿಗೆ ಬೀಳಲು ಎಷ್ಟು ಹೊತ್ತು? ಈಗ ನಾನು ಸೀಟಿ ಊದಿದರೆ ಹಿಂದಿನ ಸಾಲಿನಲ್ಲಿ ಯಾರೋ ಕೋಳಿಯ ದನಿ ತೆಗೆಯುತ್ತಾರೆ.

ಅದು ನಾನೇ ಅಲ್ಲವೇ, ಜಯಾ? ಹೌದು ಎಂದರೆ ಆ ಒಂದು ಕಾರ್ಡನ್ನು ನಿಲ್ಲಿಸು. ಬೇರೇನೂ ಕೇಳುವುದಿಲ್ಲ.

ಭುವನೇಶ್ವರಿ


ಇಳಕಲ್
೨೪ ಜೂನ್ ೨೦೨೪

ಭುವನೇಶ್ವರಿಗೆ,

ಕೋಳಿ ಅಂದರೆ ಕೋಳಿ. ಅದರಲ್ಲಿ ನಿನ್ನನ್ನು ನೀನೇ ಕಂಡುಕೊಂಡಿದ್ದರೆ ನಾನೇನು ಮಾಡಲಿ?

ಮೊದಲು ಸೀರೆಯ ಸೆರಗಿಗೆ ಗ್ರಾಫ್ ಹಾಳೆಯ ಮೇಲೆ ನಕ್ಷೆ ತುಂಬುತ್ತಿದ್ದೆ. ಎರಡು ವರ್ಷದಿಂದ ಈ ಕಾರ್ಡು. ಇಪ್ಪತ್ನಾಲ್ಕು ಪ್ರಾಣಿ ಬರೆದೆ. ಮಾಲೀಕರು, “ಒಂದರ ನಗೂವಂಥಾದ್ದು ಬೇಕವಾ,” ಎಂದರು. ಕೋಳಿ ಬರೆದೆ. ಹುಡುಗರು ಅದೊಂದಕ್ಕಾಗಿ ಪಾಕೀಟು ಒಡೆಯುತ್ತಾರೆ. ಓಟದ ಲೆಕ್ಕದಲ್ಲಿ ಅದನ್ನು ಯಾವ ಕಾರ್ಡೂ ಸೋಲಿಸುವುದಿಲ್ಲ. ಮೆಚ್ಚಬೇಕಾದವಳು ನೀನು.

ನೀನು ಬರೆಯದೇ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಬಾಗಲಕೋಟೆಯ ವಿದ್ಯಾಗಿರಿಯ ಮೈದಾನ. ಕೊನೆಯ ರೈಡ್. ಒಂದೇ ಒಂದು ಪಾಯಿಂಟು ಬೇಕಿತ್ತು. ನಾನು ಕ್ಯಾಪ್ಟನ್. “ಹೋಗಲೇ ಭುವಿ,” ಎಂದು ನಿನ್ನ ಬೆನ್ನು ತಟ್ಟಿ ಕಳಿಸಿದವಳು ನಾನು. ನೀನು ಗೆರೆ ದಾಟಿದೆ, ಏನನ್ನೋ ನೋಡಿದೆ, ತಿರುಗಿದೆ. ಅಂಕಣ ದಾಟಿ, ಜನ ದಾಟಿ, ಗೇಟು ದಾಟಿ ಓಡಿದೆ. ಆ ದಿನ ಗೆದ್ದಿದ್ದರೆ ನಾವು ಏಳು ಜನ ರಾಜ್ಯದ ಶಿಬಿರಕ್ಕೆ ಹೋಗುತ್ತಿದ್ದೆವು. ಆರು ಜನ ಅಳುತ್ತ ಹುನಗುಂದದ ಬಸ್ಸು ಹತ್ತಿದೆವು. ನೀನು ಒಂದು ಮಾತು ಹೇಳಲಿಲ್ಲ. ಹತ್ತೂವರೆ ವರ್ಷ ಹೇಳಲಿಲ್ಲ. ಈಗ ಒಂದು ಕೋಳಿಗಾಗಿ ಪತ್ರ.

ಕಾರ್ಡು ಅಚ್ಚಾಗಿ ಅಂಗಡಿ ಸೇರಿಯಾಗಿದೆ. ನಿಲ್ಲಿಸುವುದು ನನ್ನ ಕೈಯಲ್ಲಿಲ್ಲ.

ಜಯಶ್ರೀ


ಬಾದಾಮಿ
೯ ಜುಲೈ ೨೦೨೪

ಜಯಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಸಿಟ್ಟು ಬಂದಿತ್ತು. ಈಗ ಸಿಟ್ಟಿಗೂ ಪುರಸೊತ್ತಿಲ್ಲ.

ನಮಗೆ ಕಬಡ್ಡಿ ಕಲಿಸಿದ ಶಂಕರಲಿಂಗ ಸರ್ ನಮ್ಮ ಶಾಲೆಗೆ ಬಂದಿದ್ದರು.

ಈಗ ಅವರದೇ ಒಂದು ಅಕಾಡೆಮಿ ಇದೆಯಂತೆ. ಹುಡುಗಿಯರನ್ನು ಆರಿಸಿ ಕೂಡಲಸಂಗಮದಲ್ಲಿ ಇಪ್ಪತ್ತು ದಿನ ಇಟ್ಟುಕೊಂಡು ಕಲಿಸುತ್ತಾರಂತೆ. ನಮ್ಮ ಶಿಬಿರ ನಡೆದ ಅದೇ ಕಟ್ಟಡ. ನಮ್ಮ ಶಾಲೆಯಿಂದ ಐದು ಜನರನ್ನು ಆರಿಸಿದರು. ಮೊದಲ ಹೆಸರು ಸತ್ಯವ್ವ. ಅವಳ ಅಪ್ಪ ಬಂಡೆಪ್ಪ ಕುರಿ ಸಾಕುವವನು. ಅವಳು ರೈಡಿಗೆ ಹೋದರೆ ಎದುರಿನವರ ಕಾಲ ಸಂದಿಯಲ್ಲಿ ನೀರು ಹರಿದಂತೆ ಹರಿದು ಬರುತ್ತಾಳೆ. ಎರಡನೆಯವಳು ಕಸ್ತೂರಿ. ಅಪ್ಪ ಇಲ್ಲ, ತಾಯಿ ಮಹಾಕೂಟದ ಹೊಂಡದ ಹತ್ತಿರ ಹೂವು ಕಾಯಿ ಮಾರುತ್ತಾಳೆ. ಮಾತಿನ ಮಲ್ಲಿ. ತರಗತಿಯಲ್ಲಿ ಅವಳ ಬಾಯಿ ಮುಚ್ಚಿಸುವುದೇ ಒಂದು ಕೆಲಸ.

ಶಂಕರಲಿಂಗ ನನ್ನನ್ನು ನೋಡಿದ. ಗುರುತು ಹಿಡಿದ. ಮೊದಲಿನ ಹಾಗೆಯೇ ನಕ್ಕ.

ನಾನು ಹೆಡ್ ಮಾಸ್ತರರ ಬಳಿ ಹೋಗಿ, “ಹುಡುಗ್ಯಾರನ್ನ ಕಳಸಬ್ಯಾಡ್ರಿ ಸರ್,” ಎಂದೆ.

“ಯಾಕ್ರಿ?”

ಬಾಯಿಯವರೆಗೆ ಬಂದದ್ದು ಅಲ್ಲೇ ನಿಂತಿತು. ಅವರು ಡ್ರಾವರಿನಿಂದ ನಿನ್ನ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟರು. “ನೀವಂತೂ ಓಡಿಬಂದ್ರಿ. ಈ ಹುಡುಗ್ಯಾರನ್ನೂ ಓಡಸ್ತೀರೇನ್ರಿ?”

ಜಯಾ, ಕೂಡಲಸಂಗಮದ ಆ ಕಟ್ಟಡದ ಹಿಂದೆ ಮ್ಯಾಟುಗಳನ್ನು ಇಡುವ ಕೋಣೆ ಇತ್ತು. ಅದರ ಎದುರು ಮೂರು ಮೆಟ್ಟಿಲು. ಫೈನಲ್ಲಿಗೆ ಎರಡು ತಿಂಗಳ ಮೊದಲು ಒಂದು ಮಧ್ಯಾಹ್ನ ನೀನು ಆ ಮೆಟ್ಟಿಲ ಮೇಲೆ ಕೂತಿದ್ದೆ. ನಾನು ಹೊರಗೆ ಬಂದಾಗ ನೀನು ನನ್ನ ಮುಖ ನೋಡಲಿಲ್ಲ. ನಾನು ಯಾವತ್ತೂ ಆ ಬಗ್ಗೆ ನಿನ್ನನ್ನು ಕೇಳಿಲ್ಲ. ಈಗಲೂ ಕೇಳುತ್ತಿಲ್ಲ. ನಿನಗೆ ನೆನಪಿದೆಯೇ, ಅಷ್ಟು ಹೇಳು.

ಭುವಿ


ಬಾದಾಮಿ
೨೦ ಜುಲೈ ೨೦೨೪

ಜಯಾ,

ಉತ್ತರ ಬರಲಿಲ್ಲ. ಪತ್ರ ತಲುಪಲಿಲ್ಲವೋ ಏನೋ ಎಂದುಕೊಳ್ಳುವುದು ಸುಲಭ. ಹಾಗೆಂದುಕೊಂಡೇ ಬರೆಯುತ್ತಿದ್ದೇನೆ.

ಆಗಸ್ಟ್ ೩ಕ್ಕೆ ಹುಡುಗಿಯರನ್ನು ಕರೆದೊಯ್ಯುತ್ತಾರೆ. ನಿನ್ನೆ ಬಂಡೆಪ್ಪನ ಕುರಿಹಟ್ಟಿಗೆ ಹೋಗಿದ್ದೆ. ಅವನು ಕಂಬಳಿ ಹಾಸಿ ಕೂರಿಸಿದ.

“ಸತ್ಯವ್ವನ್ನ ಕಳಸಬ್ಯಾಡ ಕಾಕಾ. ಆ ಮನಶ್ಯಾ ಚಲೋ ಇಲ್ಲ.”

“ಚಲೋ ಇಲ್ಲಂದ್ರ ಹೆಂಗ ಚಲೋ ಇಲ್ಲವಾ? ಕುಡೀತಾನೇನು? ಬಡೀತಾನೇನು?”

ನಾನು ಕುರಿಗಳ ಕಡೆ ನೋಡುತ್ತ ಕೂತೆ. ಬಂಡೆಪ್ಪನಿಗೆ ಏನೋ ಹೊಳೆಯಿತು ಎಂದು ನನಗನಿಸಿತು. ಅಷ್ಟರಲ್ಲಿ ಸತ್ಯವ್ವ ಒಳಗಿನಿಂದ ಬಂದಳು. “ನೀವು ಅಂಜಿದ್ರಿ ಮೇಡಂ. ನಾ ಅಂಜೂದಿಲ್ಲ,” ಎಂದಳು. ಹಗುರವಾಗಿ ಹೇಳಲಿಲ್ಲ. ಕಣ್ಣಲ್ಲಿ ನೀರಿತ್ತು. ಕಬಡ್ಡಿಯನ್ನು ಅವಳಿಗೆ ಕಲಿಸಿದವಳು ನಾನು.

ಒಂದೇ ಒಂದು ಸಾಲು ಬರೆದುಕೊಡು. ‘ನಾನು ನೋಡಿದ್ದೇನೆ’ ಎಂದು. ಇಬ್ಬರು ಹೇಳಿದರೆ ಕೇಳುತ್ತಾರೆ. ನಾನೊಬ್ಬಳೇ ಹೇಳಿದರೆ ಕೋಳಿ ಕೂಗಿತು ಎನ್ನುತ್ತಾರೆ. ಆ ಹೆಸರು ನೀನು ಕೊಟ್ಟದ್ದು.

ಭುವಿ


ಇಳಕಲ್
೨೮ ಜುಲೈ ೨೦೨೪

ಭುವನೇಶ್ವರಿಗೆ,

ನಿನ್ನ ಎರಡೂ ಪತ್ರ ಬಂದಿವೆ. ಇನ್ನು ಮುಂದೆ ಈ ವಿಳಾಸಕ್ಕೆ ಬರೆಯಬೇಡ. ಕಾರ್ಖಾನೆಗೆ ಬಂದ ಪತ್ರವನ್ನು ಮ್ಯಾನೇಜರ್ ಒಡೆದು ಓದುತ್ತಾನೆ. ಶಂಕರಲಿಂಗ ಸರ್ ನಮ್ಮ ಮಾಲೀಕರಿಗೆ ಬೇಕಾದವರು. ಕಾರ್ಡುಗಳ ಬಿಡುಗಡೆ ಮಾಡಿದ್ದೂ ಅವರೇ. ನನ್ನ ಭುಜದ ಮೇಲೆ ಕೈ ಇಟ್ಟು, “ನಮ್ಮ ಕ್ಯಾಪ್ಟನ್ ಇಕಿ,” ಎಂದು ಎಲ್ಲರಿಗೂ ಪರಿಚಯಿಸಿದರು.

ನನಗೆ ಗಂಡ ಇದ್ದಾನೆ. ಏಳು ವರ್ಷದ ಮಗಳಿದ್ದಾಳೆ. ಮಹಾಂತೇಶ ಒಳ್ಳೆಯವನು, ಆದರೆ ಇಂಥ ಮಾತು ನಮ್ಮ ಮನೆಯೊಳಗೆ ಬಂದರೆ ಏನಾಗುತ್ತದೆಂದು ನನಗೆ ಗೊತ್ತಿಲ್ಲ.

ನೀನು ಹೇಳುವ ಮಧ್ಯಾಹ್ನ ನನಗೆ ನೆನಪಿಲ್ಲ.

ಮುಂದಿನ ಅಚ್ಚಿನಲ್ಲಿ ಕೋಳಿ ಇರುವುದಿಲ್ಲ. ಮಕ್ಕಳು ಬೇಸತ್ತಿದ್ದಾರೆಂದು ಸುಳ್ಳು ಹೇಳಿ ತೆಗೆಸಿದ್ದೇನೆ. ನನ್ನ ಕೈಲಾದದ್ದು ಇಷ್ಟೇ.

ಜಯಶ್ರೀ


ಬಾದಾಮಿ
೩೦ ಜುಲೈ ೨೦೨೪

ಜಯಾ,

ಬೇಡವೆಂದ ವಿಳಾಸಕ್ಕೇ ಬರೆಯುತ್ತಿದ್ದೇನೆ. ಬೇರೆ ವಿಳಾಸ ನೀನು ಕೊಟ್ಟಿಲ್ಲ. ಓದುವವರು ಓದಲಿ.

ಫೈನಲ್ಲಿನ ದಿನ ನಾನು ಏನನ್ನೋ ನೋಡಿದೆ ಎಂದು ಬರೆದಿದ್ದೀ. ಏನನ್ನು ನೋಡಿದೆ ಎಂದು ನೀನು ಆಗ ಕೇಳಲಿಲ್ಲ. ಈಗ ಹೇಳುತ್ತೇನೆ. ಎದುರಿನ ಗೆರೆಯ ಹಿಂದೆ ಅತಿಥಿಗಳ ಕುರ್ಚಿಗಳಿದ್ದವು. ಆತ ಅಲ್ಲಿ ಕೂತಿದ್ದ. ನಾನು ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಳಗೆ ಹೋದಾಗ ಆತ ಮುಂದೆ ಬಾಗಿ ನನ್ನನ್ನು ಕರೆದ. ಹೆಸರಿನಿಂದ ಅಲ್ಲ. ಆ ಕೋಣೆಯೊಳಗೆ ಕರೆದಿದ್ದನಲ್ಲ, ಆ ಮಾತಿನಿಂದ. ಆ ಮಾತನ್ನು ನಾನು ಇಲ್ಲಿ ಬರೆಯಲಾರೆ. ನನ್ನ ಉಸಿರು ಕಡಿಯಿತು. ಆಮೇಲಿನದು ನನ್ನ ಕಾಲಿಗೆ ಗೊತ್ತು, ನನಗೆ ಗೊತ್ತಿಲ್ಲ. ಬಸ್ ನಿಲ್ದಾಣದ ನಲ್ಲಿಯ ಕೆಳಗೆ ತಲೆ ಇಟ್ಟು ಕೂತಾಗ ಎಚ್ಚರವಾಯಿತು.

ನೀವು ಆರು ಜನರ ಬದುಕು ನಾನು ಹಾಳು ಮಾಡಿದೆ ಎಂದು ಇಷ್ಟು ವರ್ಷ ನಂಬಿದ್ದೆ. ಅದಕ್ಕೇ ಬರೆಯಲಿಲ್ಲ, ಬರಲಿಲ್ಲ. ನನ್ನ ಮದುವೆಗೂ ನಿಮ್ಮನ್ನು ಕರೆಯಲಿಲ್ಲ. ಆ ಮದುವೆಯೂ ಉಳಿಯಲಿಲ್ಲ, ಅದು ಬೇರೆ ಮಾತು.

ಶುಕ್ರವಾರ, ಆಗಸ್ಟ್ ೨ರಂದು ಹನ್ನೊಂದು ಗಂಟೆಗೆ ನಾನು ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಇರುತ್ತೇನೆ. ಅಲ್ಲಿಂದ ಮಕ್ಕಳ ರಕ್ಷಣೆಯ ಕಚೇರಿಗೆ ಹೋಗಿ ಬರೆದುಕೊಡಬೇಕು. ನೀನು ಮಾತಾಡುವುದು ಬೇಡ, ಪಕ್ಕದಲ್ಲಿ ನಿಲ್ಲು ಸಾಕು. ನಾನೊಬ್ಬಳೇ ಆ ಮೆಟ್ಟಿಲು ಹತ್ತುತ್ತೇನೆಂಬ ನಂಬಿಕೆ ನನಗಿಲ್ಲ. ಕೈ ಮುಗಿಯುತ್ತೇನೆ, ಬಾ.

ಭುವಿ


ಬಾದಾಮಿ
೪ ಆಗಸ್ಟ್ ೨೦೨೪

ಜಯಾ,

ನೀನು ಬರಲಿಲ್ಲ.

ಮೂರು ಗಂಟೆಯವರೆಗೆ ಕಾದೆ. ಹುನಗುಂದದ ಕಡೆಯಿಂದ ಬಂದ ಪ್ರತಿ ಬಸ್ಸಿನ ಬಾಗಿಲನ್ನೂ ನೋಡಿದೆ. ಆಮೇಲೆ ಆ ಕಚೇರಿಯವರೆಗೆ ಹೋದೆ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ, ತೆಗೆದೆ. ವಾಪಸು ಬಾದಾಮಿಯ ಬಸ್ಸು ಹತ್ತಿದೆ. ನಿನ್ನ ಕಾರ್ಡಿನಲ್ಲಿ ಬರೆದದ್ದು ಖರೆ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಶಾಲೆಯ ಗೇಟಿನಲ್ಲಿ ಕ್ರೂಸರ್ ಗಾಡಿ ನಿಂತಿತ್ತು. ಐದೂ ಹುಡುಗಿಯರು ಹಿಂದೆ ಹತ್ತಿ ಕೂತಿದ್ದರು. ಆತ ಮುಂದಿನ ಸೀಟಿನಲ್ಲಿದ್ದ. ಏನು ಮಾಡಬೇಕೆಂದು ಯೋಚಿಸಿ ಹೋದವಳಲ್ಲ ನಾನು. ಹೋಗಿ ಗಾಡಿಯ ಮುಂದೆ ನಿಂತೆ. ಡ್ರೈವರ್ ಹಾರ್ನ್ ಹೊಡೆದ. ಕಂಪೌಂಡಿನ ಮೇಲೆ ಕೂತ ಮಕ್ಕಳು ಕೊಕ್ಕೊಕ್ಕೋ ಎಂದು ಶುರು ಮಾಡಿದರು.

ಆತ ಇಳಿದು ಬಂದು, “ಏನವಾ ಭುವನಾ, ಇನ್ನೂ ಓಡೂದು ಬಿಟ್ಟಿಲ್ಲೇನು?” ಎಂದ.

“ಬಿಟ್ಟೇನಿ,” ಎಂದೆ. ಆಮೇಲೆ ಜೋರಾಗಿ, ಮಕ್ಕಳನ್ನು ಕಳಿಸಲು ಬಂದಿದ್ದ ತಾಯಿ ತಂದೆಯರಿಗೆಲ್ಲ ಕೇಳುವಂತೆ ಹೇಳಿದೆ. “ನನಗ ಹದಿನೇಳ ವರ್ಸ ಇದ್ದಾಗ ಇಂವಾ ಕೂಡಲಸಂಗಮದಾಗ ನನ್ನನ್ನ ಖೋಲ್ಯಾಗ ಕರದು ಚಿಲಕಾ ಹಾಕಿದ್ದ. ನಾ ಅವತ್ತ ಆಟಕ್ಕ ಅಂಜಿ ಓಡಿಲ್ಲ. ಇವನ ಮಾರಿ ನೋಡಿ ಓಡೀನಿ.”

ಮಕ್ಕಳ ಕೂಗು ನಿಂತಿತು. ಆತ ನಗುತ್ತಲೇ ಇದ್ದ. ಹೆಡ್ ಮಾಸ್ತರರು ಓಡಿ ಬಂದು, “ಏನ್ ಮಾತಾಡ್ತೀರಿ! ಸಾಕ್ಷಿ ಐತೇನ್ರಿ?” ಎಂದರು.

“ಐತ್ರಿ.”

“ಎಲ್ಲೈತಿ?”

ನಿನ್ನ ಹೆಸರು ಹೇಳಲಿಲ್ಲ.

ಬಂಡೆಪ್ಪ ಜನರ ನಡುವಿನಿಂದ ಬಂದು ಗಾಡಿಯ ಹಿಂಬಾಗಿಲು ತೆಗೆದ. “ಇಳಿ ಸತ್ಯವ್ವಾ,” ಎಂದ. ಅವಳು ಸೀಟು ಹಿಡಿದುಕೊಂಡಳು, ಅತ್ತಳು, ಅಪ್ಪನ ಕೈ ಪರಚಿದಳು. ಅವನು ಅವಳನ್ನು ಎತ್ತಿ ಇಳಿಸಿಕೊಂಡ. ಉಳಿದ ನಾಲ್ವರ ಮನೆಯವರು ನೆಲ ನೋಡುತ್ತ ನಿಂತಿದ್ದರು. ಕಸ್ತೂರಿಯ ತಾಯಿ ಅಲ್ಲಿರಲೇ ಇಲ್ಲ, ಅಂಗಡಿ ಬಿಟ್ಟು ಬರಲು ಆಗಿರಲಿಲ್ಲ. ಇಬ್ಬರು ಮಾಸ್ತರರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಗಾಡಿ ಹೋಯಿತು. ಕಸ್ತೂರಿ ಹಿಂದಿನ ಗಾಜಿನಿಂದ ನನಗೆ ಏನೋ ಕೂಗಿ ಹೇಳುತ್ತಿದ್ದಳು. ಕೇಳಿಸಲಿಲ್ಲ.

ನಾಳೆಯಿಂದ ಶಾಲೆಗೆ ಬರಬೇಡಿ ಎಂದಿದ್ದಾರೆ. ನಾಳೆ ಬಂಡೆಪ್ಪನ ಜೊತೆ ಮತ್ತೆ ಬಾಗಲಕೋಟೆಗೆ ಹೋಗುತ್ತೇನೆ. “ನಾ ಇರ್ತೇನಿ, ಹತ್ತವಾ,” ಎಂದಿದ್ದಾನೆ.

ಈ ಪತ್ರ ನಿನ್ನಿಂದ ಏನನ್ನೂ ಕೇಳಲು ಬರೆದದ್ದಲ್ಲ.

ಭುವನೇಶ್ವರಿ


ಇಳಕಲ್
೭ ಆಗಸ್ಟ್ ೨೦೨೪

ಭುವಿ,

ಬಸ್ ನಿಲ್ದಾಣಕ್ಕೆ ಬಾ ಎಂದು ನೀನು ಬರೆದ ಪತ್ರ ನನ್ನ ಕೈಗೆ ಬಂದದ್ದು ಸೋಮವಾರ ೫ರ ಬೆಳಿಗ್ಗೆ. ಲಕೋಟೆ ಹರಿದಿತ್ತು. ಮ್ಯಾನೇಜರ್ ಅದನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದ. “ಹಳೇ ಗೆಳತೇರ ಜಗಳದಾಗ ಸರ್ ಅವರ ಹೆಸರ್ಯಾಕ?” ಎಂದು ನಗುತ್ತ ಕೊಟ್ಟ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಗುರುವಾರವೇ ಬಂದಿದ್ದರೂ ನಾನು ಬರುತ್ತಿದ್ದೆನೋ ಇಲ್ಲವೋ.

ಅಲ್ಲೇ ನಿಂತು ಓದಿದೆ. ಬಸ್ ನಿಲ್ದಾಣದ ನಲ್ಲಿಯ ಕೆಳಗೆ ನೀನು ತಲೆ ಇಟ್ಟು ಕೂತದ್ದು ಓದಿದ ಮೇಲೆ ಕಾರ್ಖಾನೆಯೊಳಗೆ ಹೋಗಲು ಆಗಲಿಲ್ಲ. ಸೀದಾ ಹುನಗುಂದ, ಅಲ್ಲಿಂದ ಕೂಡಲಸಂಗಮ. ಮುಟ್ಟಿದಾಗ ಒಂದು ಗಂಟೆ. ಹುಡುಗಿಯರು ಊಟಕ್ಕೆ ಕೂತಿದ್ದರು. ನಾನು ಹಿಂದಕ್ಕೆ ಹೋದೆ.

ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಕೂತಿದ್ದಳು, ಭುವಿ. ಹನ್ನೆರಡು ಹದಿಮೂರರವಳು. ಮಡಿಲಲ್ಲಿ ನಾನು ಬರೆದ ಕಾರ್ಡುಗಳ ಒಂದು ಕಟ್ಟು. ಒಂದೊಂದೇ ತೆಗೆದು ಸಾಲಾಗಿ ಇಡುತ್ತಿದ್ದಳು.

“ಇಲ್ಯಾಕ ಕುಂತೀಯವಾ?” ಎಂದೆ.

“ಸರ್ ಕುಂದ್ರಂದಾರ್ರಿ. ಯಾರರ ಬಂದ್ರ ಕೆಮ್ಮು ಅಂದಾರ.” ಹೇಳಿ ಅವಳು ಕೆಮ್ಮಿದಳು.

ಈಗ ಹೇಳುತ್ತೇನೆ ಕೇಳು. ಆತ ನನಗೂ ಅದನ್ನೇ ಹೇಳಿದ್ದ. ಆಗ ಕೊಡಲು ಕಾರ್ಡಿರಲಿಲ್ಲ, ಕ್ಯಾಪ್ಟನ್ ಮಾಡುತ್ತೇನೆಂಬ ಮಾತಿತ್ತು. ಒಳಗೆ ನೀನಿದ್ದೀ ಎಂದು ನನಗೆ ಗೊತ್ತಿತ್ತು. ನೀನು ಒಂದು ಸಲ ನನ್ನ ಹೆಸರು ಕೂಗಿದ್ದೂ ಕೇಳಿಸಿತ್ತು. ಕೇಳಿಸಿಯೂ ಕೂತಿದ್ದೆ. ಮರುದಿನ ಕ್ಯಾಪ್ಟನ್ ಆದೆ. ಫೈನಲ್ಲಿನಲ್ಲಿ ನೀನು ಓಡಿದಾಗ ನಿಜವಾಗಿ ನನಗೆ ಸಮಾಧಾನವಾಯಿತು. ಇನ್ನು ಎಲ್ಲರೂ ನಿನ್ನನ್ನೇ ಬೈಯುತ್ತಾರೆ, ನಾನೂ ಬೈಯಬಹುದು ಎಂದು. ಬೈದು ಬೈದು ನನಗೇ ಅದು ನಿಜವಾಯಿತು. ಧೈರ್ಯಕ್ಕೆ ಸೊನ್ನೆಯನ್ನೂ ನಿಜವೆಂದೇ ಬರೆದೆ.

ಕಲ್ಲು ತೆಗೆದುಕೊಂಡು ಬಾಗಿಲು ಬಡಿದೆ. ನನ್ನ ಗಂಟಲಿನಿಂದ ಎಂಥ ದನಿ ಬಂತೋ, ಊಟದ ಸಾಲಿನಲ್ಲಿದ್ದ ಹುಡುಗಿಯರು, ಅಡುಗೆಯ ಹುಸೇನಬಿ ಎಲ್ಲ ಓಡಿ ಬಂದರು. ಹುಸೇನಬಿ ಕೈಯಲ್ಲಿ ಸೌಟು ಹಿಡಿದೇ ಬಾಗಿಲಿಗೆ ಭುಜ ಕೊಟ್ಟಳು. ಚಿಲಕ ಕಿತ್ತು ಬಂತು. ಆತ, “ಹುಡುಗಿ ಕಾಲು ಉಳುಕಿತ್ತು, ಎಣ್ಣಿ ಹಚ್ಚಾಕತ್ತಿದ್ನಿ,” ಎಂದ. ಮ್ಯಾಟುಗಳ ರಾಶಿಯ ಹಿಂದೆ ಕಸ್ತೂರಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಕರೆದರೆ ತಿರುಗಲಿಲ್ಲ.

ಎರಡು ತಾಸಿನ ಮೇಲೆ ನೀನು ಬಂಡೆಪ್ಪನ ಜೊತೆ, ಕಚೇರಿಯವರು ಪೊಲೀಸರ ಜೊತೆ ಜೀಪಿನಿಂದ ಇಳಿದಿರಿ. ನೀನು ನನ್ನನ್ನು ನೋಡಿದೆ. ನೀನು ನೇರ ಕಸ್ತೂರಿಯ ಬಳಿ ಹೋದೆ. ಸರಿಯಾಗಿಯೇ ಮಾಡಿದೆ.

ಈ ಪತ್ರದಲ್ಲಿ ಬರೆದದ್ದನ್ನೆಲ್ಲ ಆ ದಿನವೇ ಪೊಲೀಸರಿಗೂ ಬರೆದುಕೊಟ್ಟಿದ್ದೇನೆ. ಮಹಾಂತೇಶನಿಗೂ ಹೇಳಿದೆ. ಎರಡು ದಿನದಿಂದ ಅವನು ನನ್ನೊಡನೆ ಮಾತಾಡಿಲ್ಲ. ಇವತ್ತು ಬೆಳಿಗ್ಗೆ ಮಗಳ ಜಡೆ ತಾನೇ ಹೆಣೆದು ಶಾಲೆಗೆ ಕರೆದುಕೊಂಡು ಹೋದ. ಅದರ ಅರ್ಥ ಏನೆಂದು ನನಗೆ ತಿಳಿದಿಲ್ಲ. ಕಾರ್ಖಾನೆಗೆ ಇನ್ನು ಹೋಗುವುದಿಲ್ಲ. ಬರೆಯುವುದಾದರೆ ಲಕೋಟೆಯ ಹಿಂದಿರುವ ಮನೆಯ ವಿಳಾಸಕ್ಕೆ ಬರೆ.

ಜುಲೈ ಇಪ್ಪತ್ತೆಂಟಕ್ಕೆ ‘ನೆನಪಿಲ್ಲ’ ಎಂದು ಬರೆದೆ. ಅದರ ಬದಲು ನೀನು ಕೇಳಿದ ಒಂದು ಸಾಲು ಬರೆದಿದ್ದರೆ ಆ ಹುಡುಗಿ ಗಾಡಿ ಹತ್ತುತ್ತಿರಲಿಲ್ಲ. ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಗೊತ್ತಾಗುತ್ತಿಲ್ಲ, ಭುವಿ.

ಜಯಾ


ಬಾದಾಮಿ
೧೬ ಆಗಸ್ಟ್ ೨೦೨೪

ಜಯಾ,

ಓದಿದೆ. ಒಂದು ವಾರ ಉತ್ತರ ಬರೆಯಲಾಗಲಿಲ್ಲ.

ನಾನು ನಿನ್ನ ಹೆಸರು ಕೂಗಿದ್ದು ನಿನಗೆ ಕೇಳಿಸಿತ್ತು ಎಂಬುದು ನನಗೆ ಮೊದಲೇ ಗೊತ್ತಿತ್ತು. ಆದರೂ ಕೇಳಿಸಿರಲಿಕ್ಕಿಲ್ಲ ಎಂದು ನಂಬಿಕೊಂಡು ಬದುಕಿದ್ದೆ. ನೀನು ಆ ನಂಬಿಕೆಯನ್ನೂ ತೆಗೆದುಕೊಂಡೆ. ನಿನ್ನ ಪತ್ರದಲ್ಲಿ ಕ್ಷಮೆಯ ಮಾತಿಲ್ಲ. ಒಳ್ಳೆಯದಾಯಿತು. ಕೇಳಿದ್ದರೆ ನನ್ನ ಬಳಿ ಕೊಡಲು ಇರಲಿಲ್ಲ.

ಆತ ಜೈಲಿನೊಳಗಿದ್ದಾನೆ. ಪತ್ರಿಕೆಯಲ್ಲಿ ಬಂದ ಮೇಲೆ ಇನ್ನಿಬ್ಬರು ಹೆಂಗಸರು ನನಗೆ ಫೋನ್ ಮಾಡಿದರು. ಒಬ್ಬಳು ಹೆಸರು ಹೇಳಲಿಲ್ಲ, ಬರೇ ಅತ್ತಳು. ಹೆಡ್ ಮಾಸ್ತರರು ಮನೆಗೆ ಬಂದು, “ತಿಳೀಲಿಲ್ರಿ ನಮಗ,” ಎಂದರು. ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಕೆಲಸಕ್ಕೆ ಮತ್ತೆ ಬನ್ನಿ ಎಂದು ಹೇಳಿ ಹೋದರು. ಸೋಮವಾರದಿಂದ ಶಾಲೆಗೆ ಹೋಗುತ್ತೇನೆ. ಸತ್ಯವ್ವ ಇನ್ನೂ ನನ್ನ ಮುಖ ನೋಡಲು ನಾಚುತ್ತಾಳೆ.

ಕಸ್ತೂರಿ ಮಾತಾಡುತ್ತಿಲ್ಲ. ಹನ್ನೊಂದು ದಿನವಾಯಿತು. ದವಾಖಾನೆಗೆ ತೋರಿಸಿದ್ದೇವೆ, ವಾರಕ್ಕೆರಡು ಸಲ ಒಬ್ಬ ಡಾಕ್ಟರಮ್ಮ ನೋಡುತ್ತಾರೆ. ತಾಯಿ ಅವಳನ್ನು ಅಂಗಡಿಗೇ ಕರೆದುಕೊಂಡು ಹೋಗುತ್ತಾಳೆ. ಬರುವ ಹೋಗುವ ಭಕ್ತರೆಲ್ಲ, “ಏನಾತವಾ, ಯಾಕ ಹಿಂಗ ಕುಂತೀ?” ಎಂದು ಕೇಳುತ್ತಾರೆ. ಊರಿನವರು ಬಂದು ಅವಳನ್ನು ತಬ್ಬಿ ಅಳುತ್ತಾರೆ. ಅವಳು ಹೂವಿನ ಬುಟ್ಟಿಯ ಹಿಂದೆ ಇನ್ನಷ್ಟು ಸರಿಯುತ್ತಾಳೆ.

ನಿನ್ನೆ ಅವಳ ತಾಯಿ ಕೇಳಿದಳು. “ಬಾಗಲಾ ಬಡದಾಕಿ ಯಾರವಾ? ಆಕಿನ್ನ ಒಮ್ಮೆ ಕರಕೊಂಡ ಬಾ.” ನೀನು ಯಾರೆಂದು ಹೇಳಿದೆ. ಎಲ್ಲವನ್ನೂ ಹೇಳಿದೆ, ಮೆಟ್ಟಿಲ ಮೇಲೆ ಕೂತಿದ್ದನ್ನೂ, ‘ನೆನಪಿಲ್ಲ’ ಎಂದು ಬರೆದದ್ದನ್ನೂ. ಅವಳು ಬಹಳ ಹೊತ್ತು ತೆಂಗಿನಕಾಯಿಯ ಜುಟ್ಟು ಬಿಡಿಸುತ್ತ ಕೂತಿದ್ದಳು. ಆಮೇಲೆ, “ಆದ್ರೂ ಬರ್ಲಿ,” ಎಂದಳು.

ಅದಕ್ಕೇ ಬರೆಯುತ್ತಿದ್ದೇನೆ. ಮುಂದಿನ ಭಾನುವಾರ, ೨೫ಕ್ಕೆ ಬಾ. ಬಾದಾಮಿಯಲ್ಲಿ ಇಳಿ, ನಾನು ನಿಲ್ದಾಣದಲ್ಲಿರುತ್ತೇನೆ. ಅಲ್ಲಿಗೆ ಹೋದ ಮೇಲೆ ಅವಳನ್ನು ಏನೂ ಕೇಳಬೇಡ. ಅವಳೆದುರು ಅಳಬೇಡ. ಬುಟ್ಟಿಯ ಈಚೆ ಸುಮ್ಮನೆ ಕೂತುಕೋ. ಎಷ್ಟು ಹೊತ್ತಾದರೂ ನೀನಾಗಿ ಎದ್ದು ಹೋಗಬೇಡ.

ಭುವಿ